ಒಂದರ ಮೇಲೊಂದು ಪೆಡಲ್: ಬೂಸ್ಟ್ ಎಲ್ಲಿಡಬೇಕು ಸ್ವಾಮಿ?

ಎಲೆಕ್ಟ್ರಿಕ್ ಗಿಟಾರ್ ಕೊಂಡವರ ಮನೆಗೆ ಮೊದಲ ವರ್ಷ ಒಂದು ಪೆಡಲ್ ಬರುತ್ತೆ. ಎರಡನೇ ವರ್ಷ ಅದು ಮೂರಾಗುತ್ತೆ. ಆಮೇಲೆ ಅವನ್ನೆಲ್ಲ ಜೋಡಿಸಿಡೋಕೆ ಒಂದು ಬೋರ್ಡು, ಬೋರ್ಡಿಗೊಂದು ಬ್ಯಾಗು, ಬ್ಯಾಗಿಗೆ ಮಂಚದ ಕೆಳಗೆ ಜಾಗ. ನಮ್ಮಮ್ಮ ಮೊದಲ ಸಲ ನನ್ನ ಬೋರ್ಡ್ ನೋಡಿ, "ಇದೇನೋ, ಯಾರದ್ದೋ ಮನೆ ಸ್ವಿಚ್‌ಬೋರ್ಡ್ ಬಿಚ್ಚಿಕೊಂಡು ಬಂದಿದ್ದೀಯಾ?" ಅಂದಿದ್ರು.

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ರೂಪ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತೆ. "ನನ್ನ ಹತ್ರ ಎರಡು ಓವರ್‌ಡ್ರೈವ್, ಒಂದು ಬೂಸ್ಟ್ ಇದೆ. ಎಲ್ಲ ಆನ್ ಮಾಡಿದರೂ ಬ್ಯಾಂಡಿನಲ್ಲಿ ಸೋಲೋ ಕೇಳಿಸಲ್ಲ. ಇನ್ನೊಂದು ಯಾವುದು ತಗೊಳ್ಳಲಿ?" ಕೇಳುವವರೆಲ್ಲ ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಆದವರು. ಶನಿವಾರ ಜಾಮ್‌ ರೂಮು, ಭಾನುವಾರ ನಿದ್ದೆ. ಸಂಬಳ ಬಂದ ದಿನ ಕೈ ತುರಿಸುತ್ತೆ. ಇನ್ನೊಂದು ಕೊಳ್ಳೋಕೆ ಮುಂಚೆ ಇರೋ ಮೂರನ್ನ ಬಿಚ್ಚಿ ಮತ್ತೆ ಜೋಡಿಸಿ ನೋಡೋಣ.

ಓವರ್‌ಡ್ರೈವ್ ಅಂದ್ರೆ ಮೂಲದಲ್ಲಿ ಆಂಪ್‌ಗೆ ತಾಳಲಾರದಷ್ಟು ಹೇರೋದು. ಗಿಟಾರಿನಿಂದ ಬರುವ ಅಲೆ ಒಂದು ಮಟ್ಟ ದಾಟಿದರೆ ವಾಲ್ವ್‌ಗೋ ಟ್ರಾನ್ಸಿಸ್ಟರ್‌ಗೋ ಅದನ್ನು ಪೂರ್ತಿ ಹೊರಗೆ ಕೊಡೋಕಾಗಲ್ಲ. ಅಲೆಯ ತಲೆ ಚಪ್ಪಟೆಯಾಗುತ್ತೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದಲ್ಲಿ ಇಲ್ಲದ ಹೊಸ ಹಾರ್ಮೋನಿಕ್‌ಗಳು ಹುಟ್ಟಿಕೊಳ್ಳುತ್ತವೆ. ಅದೇ ನಮಗೆ ಬೇಕಾದ ಗೊರಗೊರ, ಅದೇ ಬಿಸಿ. ತಂಬೂರಿ ನುಡಿಸುವವರು ತಂತಿಯ ಕೆಳಗೆ, ಕುದುರೆಯ ಮೇಲೆ ಒಂದೆಳೆ ದಾರ ಸಿಕ್ಕಿಸಿ ಅದನ್ನ ಕೂದಲೆಳೆಯಷ್ಟು ಆಚೀಚೆ ಜರುಗಿಸ್ತಾರಲ್ಲ, ಅಲ್ಲಿ ನಡೆಯೋ ಭೌತಶಾಸ್ತ್ರ ಬೇರೆ, ಆಸೆ ಮಾತ್ರ ಇದೇ: ಬರೀ ಸ್ವರ ಸಾಲದು, ಅದರ ಸುತ್ತ ಒಂದು ಝೇಂಕಾರ ಬೇಕು.

ಈ ಆಸೆ ಶುರುವಾದದ್ದು ಕೆಟ್ಟುಹೋದ ಸಾಮಾನಿನಿಂದ. 1951ರಲ್ಲಿ ಮೆಂಫಿಸ್‌ನಲ್ಲಿ 'ರಾಕೆಟ್ 88' ಹಾಡು ರೆಕಾರ್ಡ್ ಆದಾಗ ಗಿಟಾರ್ ಆಂಪ್‌ ದಾರಿಯಲ್ಲೇ ಏಟು ತಿಂದಿತ್ತು, ಹರಿದ ಸ್ಪೀಕರ್‌ಗೆ ಕಾಗದ ತುರುಕಿ ನುಡಿಸಿದರು ಅನ್ನೋ ಕಥೆ ಪ್ರಸಿದ್ಧ. ಮುಂದೆ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡಿಗೆ ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು ಗುಂಯ್‌ಗುಟ್ಟಿತು. ಆ ಗುಂಯ್‌ ಸದ್ದನ್ನೇ ಪೆಟ್ಟಿಗೆಯಲ್ಲಿ ಹಿಡಿದಿಡುವ ಪ್ರಯತ್ನ 1962ರ ಮೇಸ್ಟ್ರೋ ಫಝ್-ಟೋನ್ ಆಯಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದನ್ನು 'ಸ್ಯಾಟಿಸ್ಫ್ಯಾಕ್ಷನ್'ನಲ್ಲಿ ನುಡಿಸಿದ ಮೇಲೆ ಅಂಗಡಿಯಲ್ಲಿ ಉಳಿಯಲಿಲ್ಲ.

ಬೂಸ್ಟ್ ಇದಕ್ಕಿಂತ ಬಡಪಾಯಿ ಸಾಧನ. ಸದ್ದಿನ ಬಣ್ಣ ಹೆಚ್ಚು ಕೆಡಿಸದೆ ಮಟ್ಟ ಮಾತ್ರ ಏರಿಸುತ್ತೆ. ಅರುವತ್ತರ ದಶಕದ ಇಂಗ್ಲೆಂಡಿನ ಡಲ್ಲಾಸ್ ರೇಂಜ್‌ಮಾಸ್ಟರ್ ಒಳಗೆ ಇದ್ದದ್ದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಅಷ್ಟರಿಂದಲೇ ರೋರಿ ಗ್ಯಾಲಗರ್ ತನ್ನ ಆಂಪ್‌ ಅನ್ನು ಕೂಗಿಸಿದ. ಕ್ವೀನ್‌ನ ಬ್ರಯಾನ್ ಮೇ ಇವತ್ತಿಗೂ ಟ್ರೆಬಲ್ ಬೂಸ್ಟರ್ ಮತ್ತು ವಾಕ್ಸ್ ಎಸಿ30 ಜೋಡಿಯನ್ನು ಬಿಟ್ಟಿಲ್ಲ. ಅಂದ್ರೆ 'ಪೆಡಲ್ ಸ್ಟ್ಯಾಕಿಂಗ್' ಅನ್ನೋದು ಈಗಿನ ಫ್ಯಾಶನ್ ಅಲ್ಲ. ಆಂಪ್‌ ಅನ್ನೇ ಎರಡನೇ ಪೆಡಲ್ ಅಂತ ಎಣಿಸಿದರೆ, ಅರುವತ್ತು ವರ್ಷದಿಂದ ನಡೀತಿರೋದೇ ಅದು.

ಈಗ ಮುಖ್ಯ ಪ್ರಶ್ನೆ. ಬೂಸ್ಟ್ ಓವರ್‌ಡ್ರೈವ್‌ಗಿಂತ ಮುಂಚೆಯೋ, ಆಮೇಲೋ?

ಕಾಫಿ ಲೋಟ ನೆನಪಿಸಿಕೊಳ್ಳಿ. ಓವರ್‌ಡ್ರೈವ್ ಪೆಡಲ್ ಒಳಗೆ ಡಯೋಡ್‌ಗಳಿರುತ್ತವೆ. ಮಾಮೂಲಿ ಸಿಲಿಕಾನ್ ಡಯೋಡ್ ಆದರೆ ಸುಮಾರು 0.6 ವೋಲ್ಟ್ ದಾಟಿದ ತಕ್ಷಣ ಅಲೆಯ ತಲೆ ಕತ್ತರಿಸೋಕೆ ಶುರು. ಅದು ಲೋಟದ ಅಂಚು. ನೀವು ಬೂಸ್ಟನ್ನು ಮುಂಚೆ ಇಟ್ಟರೆ ಲೋಟ ದೊಡ್ಡದಾಗಲ್ಲ, ಅದೇ ಲೋಟದಲ್ಲಿ ಡಿಕಾಕ್ಷನ್ ಹೆಚ್ಚಾಗುತ್ತೆ. ಸದ್ದು ಗಟ್ಟಿ, ದಟ್ಟ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತೆ. ಆದರೆ ಜೋರಾಗಲ್ಲ, ಅಥವಾ ಲೆಕ್ಕಕ್ಕೆ ಸಿಗದಷ್ಟು ಜೋರಾಗುತ್ತೆ. ಬೂಸ್ಟನ್ನು ಆಮೇಲೆ ಇಟ್ಟರೆ ಕಾಫಿ ಅದೇ ಹದದ್ದು, ಲೋಟವೇ ದೊಡ್ಡದು. ಅದೇ ಗೊರಗೊರ, ಅದೇ ರುಚಿ, ಸದ್ದು ಮಾತ್ರ ಜಾಸ್ತಿ.

ಇದಕ್ಕೊಂದು ಷರತ್ತಿದೆ. ಕೊನೆಯಲ್ಲಿರುವ ಆಂಪ್‌ ಕ್ಲೀನ್ ಆಗಿದ್ದು, ಅದರಲ್ಲಿ ಇನ್ನೂ ಜಾಗ ಉಳಿದಿರಬೇಕು. ಆಂಪೇ ಆಗಲೇ ಒಡೆದುಕೊಂಡು ಕೂಗ್ತಿದ್ದರೆ ಅದೂ ಒಂದು ತುಂಬಿದ ಲೋಟವೇ. ಹಿಂದೆ ಇಟ್ಟ ಬೂಸ್ಟ್ ಅಲ್ಲೂ ಡಿಕಾಕ್ಷನ್ನನ್ನೇ ಹೆಚ್ಚಿಸುತ್ತೆ. ಅಂಥಾ ಆಂಪ್‌ನ ಹಿಂಭಾಗದಲ್ಲಿ ಸೆಂಡ್-ರಿಟರ್ನ್ ಅಂತ ಎರಡು ತೂತು ಇದ್ದರೆ ಬೂಸ್ಟನ್ನು ಅಲ್ಲಿ ಸೇರಿಸಿ. ಅದು ಆಂಪ್‌ನ ಗೇನ್ ಭಾಗ ಮುಗಿದ ಮೇಲಿನ ಜಾಗ.

ಇಷ್ಟೇನಾ, ಇದಕ್ಕೆ ಒಂದು ಅಂಕಣ ಬೇಕಾ ಅಂದ್ರೆ, ಬೇಕು. ನಮ್ಮ ಬ್ಯಾಂಡ್ ಇದೇ ವಿಷಯಕ್ಕೆ ಒಡೆಯೋದರಲ್ಲಿತ್ತು.

ನಾವು ಐದು ಜನ. ನಾನು ರಿದಮ್ ಗಿಟಾರ್, ಅಂದ್ರೆ ಯಾರೂ ಗಮನಿಸದ ಗಿಟಾರ್. ಲೀಡ್ ನುಡಿಸುವವನು ನನ್ನ ಕಾಲೇಜು ಗೆಳೆಯ, ಬೆರಳು ಚೆನ್ನಾಗಿ ಓಡುತ್ತೆ. ಹಾಡುವವಳು ಶಾಲೆಯೊಂದರಲ್ಲಿ ಪಾಠ ಮಾಡ್ತಾಳೆ, ವಾರವಿಡೀ ಗಂಟಲೇ ಅವಳ ಬಂಡವಾಳ. ಹೋದ ವರ್ಷ ಮಳೆಗಾಲದ ಹೊತ್ತಿಗೆ ಪ್ರತಿ ಸೋಮವಾರ ಅವಳ ದನಿ ಕೂತುಹೋಗ್ತಿತ್ತು. ಡಾಕ್ಟರು ಎರಡು ವಾರ ಮಾತೇ ಆಡಬೇಡಿ ಅಂದ್ರು. ಮೇಡಂ ಮಾತಾಡದೆ ಮೂರನೇ ಕ್ಲಾಸಿನ ಮಕ್ಕಳನ್ನು ಸಂಭಾಳಿಸೋದು ಹೇಗೆ ಅಂತ ನೀವೇ ಯೋಚಿಸಿ. ರಜೆ ಹಾಕಿದಳು, ಸಂಬಳ ಕಟ್ಟಾಯಿತು. ವಾಪಸ್ ಬಂದ ದಿನ ಮೈಕ್ ಹಿಡಿಯೋಕೆ ಮುಂಚೆ ಹೇಳಿದಳು, "ಇನ್ನೊಂದು ಸಲ ಹೀಗಾದ್ರೆ ನಾನಿಲ್ಲ ಕಣ್ರೋ. ನಿಮಗೆ ಇದು ಶನಿವಾರದ ಆಟ, ನನಗೆ ಸೋಮವಾರ ಇದೆ."

ಆವತ್ತು ಬಾಡಿಗೆ ಗಂಟೆಗಳಲ್ಲಿ ಒಂದು ಗಂಟೆ ನುಡಿಸಲೇ ಇಲ್ಲ. ಯಾರ ಸದ್ದು ಯಾಕೆ ಏರ್ತಿದೆ ಅಂತ ಒಬ್ಬೊಬ್ಬರನ್ನೇ ಕೇಳಿಕೊಂಡು ಹೋದ್ವಿ. ಡ್ರಮ್ಮರ್ ಹೇಳಿದ್ದು, "ಬೇಸ್ ಜೋರಾಯ್ತು, ಅದಕ್ಕೆ ನಾನೂ ಜೋರು." ಬೇಸ್‌ನವನು ಕೈ ತೋರಿಸಿದ್ದು ಲೀಡ್ ಕಡೆ. ಲೀಡ್‌ನವನು ಪ್ರಾಮಾಣಿಕ, ಇದ್ದದ್ದು ಇದ್ದ ಹಾಗೆ ಹೇಳಿದ: "ಸೋಲೋಗೆ ಬೂಸ್ಟ್ ಒತ್ತಿದರೆ ನಂದು ಕೇಳಿಸ್ತಾನೇ ಇಲ್ಲ. ಅದಕ್ಕೇ ಮೊದಲೇ ಆಂಪ್ ಏರಿಸಿ ಇಟ್ಕೊಂಡಿರ್ತೀನಿ." ಬಗ್ಗಿ ಅವನ ಬೋರ್ಡ್ ನೋಡಿದರೆ ಬೂಸ್ಟ್ ಎಲ್ಲಕ್ಕಿಂತ ಮೊದಲು, ಗಿಟಾರ್‌ಗೆ ತಗುಲಿಕೊಂಡು ಕೂತಿದೆ. ಅದರ ಮುಂದೆ ಎರಡು ಓವರ್‌ಡ್ರೈವ್, ಎರಡರಲ್ಲೂ ಗೇನ್ ಮುಕ್ಕಾಲು. ಲೋಟ ಆಗಲೇ ತುಂಬಿ ತುಳುಕ್ತಿದೆ. ಅವನು ಒತ್ತಿದ ಬೂಸ್ಟೆಲ್ಲ ಗೊರಗೊರಕ್ಕೆ ಹೋಗ್ತಿತ್ತು, ಸದ್ದಿಗೆ ಒಂದು ಹನಿಯೂ ಇಲ್ಲ.

ಎರಡು ಸಣ್ಣ ಕೇಬಲ್ ಬದಲಿಸಿ ಬೂಸ್ಟನ್ನು ಕೊನೆಗೆ ತಂದ್ವಿ. ಗೇನ್ ಎರಡರಲ್ಲೂ ಅರ್ಧಕ್ಕಿಂತ ಕೆಳಗೆ. ಬೂಸ್ಟ್ ನಾಲ್ಕೈದು ಡೆಸಿಬೆಲ್ ಏರುವಷ್ಟು ಮಾತ್ರ. ಸೋಲೋಗೆ ಅಷ್ಟು ಸಾಕು, ಹತ್ತು ಡೆಸಿಬೆಲ್ ಅಂದ್ರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. ಆಮೇಲೆ ಆಂಪ್ ಇಳಿಸಿದ್ವಿ, ಬೇಸ್ ಇಳೀತು, ಡ್ರಮ್ಮರ್ ಕೋಲು ಹಗುರ ಹಿಡಿದ. ಮೈಕ್ ಜಾಗದಲ್ಲಿ ಫೋನ್ ಇಟ್ಟು ಅಳೆದಾಗ ಮೊದಲು 103 ಆಸುಪಾಸು ತೋರಿಸ್ತಿದ್ದದ್ದು 94ಕ್ಕೆ ಬಂತು. ಫೋನ್ ಆಪ್ ಖಂಡಿತ ಪ್ರಯೋಗಾಲಯದ ಉಪಕರಣ ಅಲ್ಲ, ಆದರೆ ವ್ಯತ್ಯಾಸ ಹೇಳೋಕೆ ಸಾಕು. ಈ ವ್ಯತ್ಯಾಸ ಚಿಕ್ಕದಲ್ಲ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಯೋಷ್‌ನ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತೆ. 94ಕ್ಕೆ ಒಂದು ಗಂಟೆ. 103ಕ್ಕೆ ಏಳೂವರೆ ನಿಮಿಷ. ನಾವು ಮೂರು ಮೂರು ಗಂಟೆ ಅದರೊಳಗೆ ಇರ್ತಿದ್ವಿ. ಈಗ ಗಂಟೆಗೊಮ್ಮೆ ಹೊರಗೆ ಹೋಗಿ ಟೀ ಕುಡೀತೀವಿ, ಕಿವಿಗೆ ಪ್ಲಗ್ ಹಾಕ್ತೀವಿ.

ಗಂಟಲಿನ ವಿಷಯಕ್ಕೂ ಒಂದು ಹೆಸರಿದೆ. ಸುತ್ತ ಸದ್ದು ಏರಿದರೆ ಮನುಷ್ಯ ತನಗೇ ಗೊತ್ತಾಗದ ಹಾಗೆ ದನಿ ಏರಿಸ್ತಾನೆ ಅನ್ನೋದನ್ನು 1911ರಲ್ಲಿ ಎಟಿಯೆನ್ ಲೊಂಬಾರ್ ಅನ್ನೋ ಫ್ರೆಂಚ್ ವೈದ್ಯ ಬರೆದ. ಅದಕ್ಕೇ ಲೊಂಬಾರ್ಡ್ ಪರಿಣಾಮ ಅಂತಾರೆ. "ಸ್ವಲ್ಪ ಮೆಲ್ಲಗೆ ಹಾಡಮ್ಮಾ" ಅಂತ ಹೇಳಿ ಪ್ರಯೋಜನ ಇಲ್ಲ ಅಂತಾಯ್ತು. ಅವಳು ಇನ್ನೂ ನಮ್ಮ ಜೊತೆ ಹಾಡ್ತಿದ್ದಾಳೆ. ಆದರೆ ಈಗ ಜಾಮ್ ರೂಮಿಗೆ ಬಂದ ತಕ್ಷಣ ಮೊದಲು ಬಗ್ಗಿ ನೋಡೋದು ಲೀಡ್ ಗಿಟಾರಿನ ಬೋರ್ಡನ್ನ.

ಇನ್ನು ಎರಡು ಓವರ್‌ಡ್ರೈವ್‌ಗಳ ಜೋಡಿ. ಇಲ್ಲಿ ಪ್ರತಿ ಪೆಡಲ್‌ನ ಸ್ವಭಾವ ತಿಳಿದಿರಬೇಕು. ಹಸಿರು ಬಣ್ಣದ ಐಬನೀಝ್ ಟ್ಯೂಬ್ ಸ್ಕ್ರೀಮರ್ ತಗೊಳ್ಳಿ. ಎಪ್ಪತ್ತರ ದಶಕದ ಕೊನೆಗೆ ಜಪಾನಿನಲ್ಲಿ ಸುಸುಮು ತಮುರಾ ವಿನ್ಯಾಸ ಮಾಡಿದ್ದು. ಅದರ ಗುಟ್ಟು ಗೊರಗೊರಕ್ಕಿಂತ ಅದು ಏನನ್ನು ಬಿಡುತ್ತೆ ಅನ್ನೋದರಲ್ಲಿದೆ. ಸುಮಾರು 700 ಹರ್ಟ್ಜ್‌ಗಿಂತ ಕೆಳಗಿನ ಸದ್ದಿಗೆ ಅದು ಕಡಿಮೆ ಗೇನ್ ಕೊಡುತ್ತೆ, ಮೇಲಿನ ಚೂಪನ್ನು ಆಮೇಲೆ ಸವರುತ್ತೆ, ನಡುವಿನದು ಉಬ್ಬಿ ನಿಲ್ಲುತ್ತೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್‌ನದ್ದು. ಆ ತಳದ ಸದ್ದನ್ನು ಜೋರಾಗಿ ಹಿಸುಕಿದರೆ ಬರೋದು ಬರೀ ರಾಡಿ. ಹಾಗಾಗಿಯೇ ಸ್ಟೀವಿ ರೇ ವಾನ್ ಅಂಥವರು ಇದನ್ನು ಗೊರಗೊರಕ್ಕಿಂತ ಹೆಚ್ಚಾಗಿ ಫೆಂಡರ್ ಆಂಪ್‌ಗಳನ್ನು ಮುಂದಕ್ಕೆ ನೂಕುವ ಬೂಸ್ಟ್ ಆಗಿ ಬಳಸಿದರು. ಮೆಟಲ್ ನುಡಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಅದನ್ನು ಹೈ-ಗೇನ್ ಆಂಪ್‌ನ ಮುಂದೆ ಇಟ್ಟು ರಿಫ್‌ನ ತಳ ಬಿಗಿ ಮಾಡ್ತಾರೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಿ ಬಂದು ಗಿಟಾರ್ ಹಿಡಿದ ನಮ್ಮ ಪೀಳಿಗೆಯವರು ಮೊದಲು ಮಾಡೋದು ಇದರ ಉಲ್ಟಾ, ಡ್ರೈವ್ ಪೂರ್ತಿ ತಿರುಗಿಸೋದು.

ಟ್ಯೂಬ್ ಸ್ಕ್ರೀಮರ್ ಜಾತಿಯವೇ ಎರಡನ್ನ ಒಂದರ ಹಿಂದೆ ಒಂದು ಇಟ್ಟರೆ ಉಬ್ಬಿನ ಮೇಲೆ ಉಬ್ಬು. ನೆಗಡಿಯಾದವನು ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತೆ. ಅದರ ಜೊತೆಗೆ ಬೇರೆ ಸ್ವಭಾವದ್ದು ಇರಲಿ. ಬಾಸ್ ಬ್ಲೂಸ್ ಡ್ರೈವರ್ ಥರದ್ದು, ತಳ ಮತ್ತು ಮೇಲು ಎರಡನ್ನೂ ಉಳಿಸಿಕೊಳ್ಳುವಂಥದ್ದು, ಒಳ್ಳೆಯ ಜೋಡಿ. ಎರಡರಲ್ಲೂ ಗೇನ್ ಮೂರನೇ ಒಂದು ಭಾಗ ಇಟ್ಟು ಶುರು ಮಾಡಿ. ಒಂದೇ ಪೆಡಲ್‌ನಲ್ಲಿ ಗೇನ್ ಪೂರ್ತಿ ಏರಿಸೋದಕ್ಕಿಂತ ಎರಡು ಸಣ್ಣ ಮೆಟ್ಟಿಲಲ್ಲಿ ಏರೋದು ಕಿವಿಗೆ ನಯ, ಬೆರಳಿನ ಒತ್ತಡಕ್ಕೂ ಸ್ಪಂದಿಸುತ್ತೆ. ಮೊದಲಿನ ಪೆಡಲ್ ಏನನ್ನು ಹಿಸುಕಬೇಕು ಅಂತ ತೀರ್ಮಾನಿಸುತ್ತೆ, ಕೊನೆಯದರ ಬಣ್ಣ ಹೆಚ್ಚು ಕೇಳುತ್ತೆ. ಹುಳಿಯಲ್ಲಿ ಬೇಳೆ ತರಕಾರಿ ಏನೇ ಇರಲಿ, ಮೂಗಿಗೆ ಮೊದಲು ತಾಗೋದು ಕೊನೆಗೆ ಬಿದ್ದ ಒಗ್ಗರಣೆ ತಾನೆ? ಜಾಗ ಅದಲು ಬದಲು ಮಾಡಿ ನೋಡಿ, ಅದಕ್ಕೆ ಖರ್ಚಿಲ್ಲ.

ಎಲ್ಲರ ಬಾಯಲ್ಲೂ ಇರುವ ಕ್ಲಾನ್ ಸೆಂಟಾರ್ ಬಗ್ಗೆ ಎರಡು ಮಾತು. ಬಿಲ್ ಫಿನ್ನೆಗನ್ 1994ರಲ್ಲಿ ಮಾರಾಟಕ್ಕೆ ತಂದ ಇದು ಒಟ್ಟು ಸುಮಾರು 8000 ಮಾತ್ರ ತಯಾರಾಗಿದ್ದು, ಹಳೆಯದ್ದರ ಬೆಲೆ ಈಗ ಕಾರಿನ ಡೌನ್ ಪೇಮೆಂಟ್ ಮಟ್ಟದ್ದು. ಯಾರೂ ನಕಲು ಮಾಡದಿರಲಿ ಅಂತ ಸರ್ಕ್ಯೂಟ್ ಮೇಲೆ ಕಪ್ಪು ಎಪಾಕ್ಸಿ ಸುರಿದಿದ್ದರೂ ಯಾರೋ ಕೆರೆದು ನೋಡಿದರು, ಈಗ ಬೀದಿಗೊಂದು ನಕಲು. ಅದರಲ್ಲಿ ನಿಜಕ್ಕೂ ಜಾಣತನದ ಸಂಗತಿ ಏನಂದ್ರೆ, ಒಡೆದ ಸದ್ದಿನ ಜೊತೆಗೆ ಒಡೆಯದ ಸದ್ದನ್ನೂ ಬೆರೆಸಿ ಕೊಡುತ್ತೆ. ಒಳಗೆ 9 ವೋಲ್ಟನ್ನು ಏರಿಸಿಕೊಂಡು ಉಸಿರಾಡೋಕೆ ಜಾಗ ಮಾಡಿಕೊಳ್ಳುತ್ತೆ. ಹಾಗಾಗಿ ಗೇನ್ ತಗ್ಗಿಸಿ ಇಟ್ಟಾಗ ಬೇರೆ ಪೆಡಲ್‌ಗಳ ಮುಂದೆಯೂ ಹಿಂದೆಯೂ ಹೊಂದಿಕೊಳ್ಳುತ್ತೆ. ಆದರೆ ಆ ಕೆಲಸಕ್ಕೆ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸೋಲ್ ಫುಡ್ ಥರದ ಅಗ್ಗದ್ದು ಸಾಕು. ಜಾಮ್ ರೂಮಿನಲ್ಲಿ ಡ್ರಮ್ ಶುರುವಾದ ಮೇಲೆ ವ್ಯತ್ಯಾಸ ಹೇಳುವವರನ್ನು ನಾನು ನೋಡಿಲ್ಲ. ಫಿನ್ನೆಗನ್ ಕೂಡ ಆಮೇಲೆ ತಂದ ಪೆಡಲ್‌ನ ಮೈಮೇಲೆಯೇ, ಈ ಅಬ್ಬರಕ್ಕೆಲ್ಲ ನಾನು ಹೊಣೆಯಲ್ಲ ಅನ್ನೋ ಅರ್ಥದ ಮಾತು ಅಚ್ಚು ಹಾಕಿಸಿದ್ದಾನೆ.

ಸುಯ್ ಅನ್ನೋ ಸದ್ದಿನ ದೂರು ಕೂಡ ಸ್ಟ್ಯಾಕಿಂಗ್ ಜೊತೆಗೇ ಬರುತ್ತೆ. 20 ಡೆಸಿಬೆಲ್ ಗೇನ್ ಅಂದ್ರೆ ವೋಲ್ಟೇಜ್ ಹತ್ತು ಪಟ್ಟು. ಅಂಥಾ ಎರಡು ಪೆಡಲ್ ಒಟ್ಟಿಗೆ ಆನ್ ಮಾಡಿದರೆ ಇಪ್ಪತ್ತಲ್ಲ, ನೂರು ಪಟ್ಟು. ಗಿಟಾರ್ ಹಿಡಿದ ಟ್ಯೂಬ್‌ಲೈಟಿನ ಗುಂಯ್, ಮೊಬೈಲ್ ಚಾರ್ಜರಿನ ಕಿರಿಕಿರಿ ಎಲ್ಲದಕ್ಕೂ ಅದೇ ನೂರು. ಮೊದಲು ಗೇನ್ ತಗ್ಗಿಸಿ. ಆಮೇಲೆ ಪವರ್ ನೋಡಿ. ಬಹುತೇಕ ಪೆಡಲ್‌ಗಳು 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಮನೆಯ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಪಿನ್ ಹೊಂದುತ್ತೆ ಅಂತ ಚುಚ್ಚಬೇಡಿ. ನಡುವಿನ ಪಿನ್ ಸಾಮಾನ್ಯವಾಗಿ ಉಲ್ಟಾ ಇರುತ್ತೆ, ಪೆಡಲ್ ಹೋದರೆ ಹೋಯಿತು. ಓವರ್‌ಡ್ರೈವ್‌ಗಳಿಗೆ ಬೇಕಾದ್ದು ಕೆಲವೇ ಮಿಲಿಆಂಪ್, ಅವು ಒಂದೇ ಕವಲು ವೈರಿನಲ್ಲಿ ಸುಮ್ಮನೆ ಇರುತ್ತವೆ. ಅದೇ ವೈರಿಗೆ ಡಿಜಿಟಲ್ ಡಿಲೇ ಸೇರಿಸಿದ ದಿನ ಗಲಾಟೆ ಶುರು. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕನೇ ಪೆಡಲ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಪ್ರತಿ ತೂತಿಗೂ ಪ್ರತ್ಯೇಕ ವಿದ್ಯುತ್ ಕೊಡುವ ಐಸೊಲೇಟೆಡ್ ಸಪ್ಲೈ ತಗೊಳ್ಳಿ. ತೋರಿಸಿಕೊಳ್ಳೋಕೆ ಏನೂ ಇರಲ್ಲ, ಫೋಟೋದಲ್ಲೂ ಕಾಣಲ್ಲ, ಅದೇ ಅದರ ಕಷ್ಟ.

ಮನೆಯಲ್ಲಿ ಚೆನ್ನಾಗಿ ಕೇಳಿದ್ದು ಬ್ಯಾಂಡಿನಲ್ಲಿ ಮಾಯ ಆಗೋದಕ್ಕೆ ಇನ್ನೊಂದು ಕಾರಣ ನಮ್ಮ ಕಿವಿಯೇ. ಸದ್ದು ಸಣ್ಣದಿದ್ದಾಗ ಕಿವಿಗೆ ತಳವೂ ಮೇಲೂ ಕಡಿಮೆ ಕೇಳುತ್ತೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಪಕ್ಕದ ಫ್ಲ್ಯಾಟಿನ ಅಂಕಲ್‌ಗೆ ಹೆದರಿ ಮೆಲ್ಲಗೆ ನುಡಿಸುವಾಗ ನಾವು ಬೇಸ್ ಏರಿಸ್ತೀವಿ, ಟ್ರೆಬಲ್ ಏರಿಸ್ತೀವಿ, ಮಿಡ್ ಇಳಿಸ್ತೀವಿ. ಒಬ್ಬರೇ ಇದ್ದಾಗ ಅದು ಸಿನಿಮಾ ಥರ ಕೇಳುತ್ತೆ. ಜಾಮ್ ರೂಮಿಗೆ ಹೋದರೆ ತಳವನ್ನು ಬೇಸ್ ಗಿಟಾರ್ ನುಂಗುತ್ತೆ, ಮೇಲನ್ನು ಸಿಂಬಲ್ ನುಂಗುತ್ತೆ, ನಮಗೆ ಉಳಿದಿದ್ದ ಮಿಡ್ ನಾವೇ ಬಿಟ್ಟುಕೊಟ್ಟಾಗಿದೆ. ಒಂಟಿಯಾಗಿ ಕೇಳಿದಾಗ ಸ್ವಲ್ಪ ಮೂಗಿನದು ಅನ್ನಿಸೋ ಸದ್ದೇ ಐದು ಜನರ ನಡುವೆ ಎದ್ದು ಕಾಣುತ್ತೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಹೆಡ್‌ಫೋನಿನಲ್ಲಿ ಡ್ರಮ್ ಮತ್ತು ಬೇಸ್ ಇರುವ ಒಂದು ಟ್ರ್ಯಾಕ್ ಹಾಕಿಕೊಂಡು ಪೆಡಲ್ ಹದ ಮಾಡಿ. ಪೆಡಲ್ ಇನ್ನೂ ಕೊಂಡಿಲ್ಲದವರು ಲ್ಯಾಪ್‌ಟಾಪಿನಲ್ಲಿ ನ್ಯೂರಲ್ ಆಂಪ್ ಮಾಡೆಲರ್ ಥರದ ಉಚಿತ ತಂತ್ರಾಂಶದಲ್ಲೇ ಹಿಂದೆ ಮುಂದೆ ಮಾಡಿ ನೋಡಬಹುದು. ಲೋಟದ ಲೆಕ್ಕ ಅಲ್ಲೂ ಅದೇ.

ಕೊನೆಗೆ, ನೀವು ಆಗಲೇ ದುಡ್ಡು ಕೊಟ್ಟಿರುವ ಒಂದು ಬೂಸ್ಟ್ ಇದೆ. ಗಿಟಾರಿನ ಮೈಮೇಲಿನ ವಾಲ್ಯೂಮ್ ಗುಂಡಿ. ಓವರ್‌ಡ್ರೈವ್ ಆನ್ ಇಟ್ಟು ಗುಂಡಿಯನ್ನು 6ಕ್ಕೆ ಇಳಿಸಿದರೆ ಹೆಚ್ಚುಕಮ್ಮಿ ಕ್ಲೀನ್, 8ಕ್ಕೆ ರಿದಮ್, 10ಕ್ಕೆ ಗೊರಗೊರ. ಬರೆದ ಓದುಗರು ಈ ಶನಿವಾರ ಬೂಸ್ಟ್ ಒಂದನ್ನು ಕೊನೆಗೆ ಜರುಗಿಸಿ, ಈ ಗುಂಡಿಯನ್ನು 7ರಲ್ಲಿಟ್ಟು ನುಡಿಸಿ, ಏನಾಯಿತು ಅಂತ ತಿಳಿಸಿ. ಮುಂದಿನ ಸಲ ಡಿಲೇ ಪೆಡಲ್ ಬಗ್ಗೆ ಬರೀತೀನಿ.